ಯಾವ ವಿಷಯಕ್ಕೆ ಎಷ್ಟು ಮರ್ಯಾದೆ? ಎಸ್‌ಎಸ್‌ಎಲ್‌ಸಿ, ಪಿಯುಸಿ ಕುರಿತು ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತೆಂದರೆ ನನ್ನನ್ನು ಅಡ್ಮಿಷನ್ ಟೇಬಲ್‌ಗೆ ಕೂಡಿಸುತ್ತಾರೆ. ಹೊರಗೆ ಮೇ ತಿಂಗಳ ಬಿಸಿಲು, ಮೇಲೆ ಕಿರ್ ಕಿರ್ ಅನ್ನುವ ಫ್ಯಾನು, ಮುಂದೆ ಬೆವರಿಗೆ ಮೆತ್ತಗಾದ ಮಾರ್ಕ್ಸ್ ಕಾರ್ಡಿನ ಝೆರಾಕ್ಸ್. ಬಂದವರು ಕೇಳುವುದು ವರ್ಷಾ ವರ್ಷಾ ಇವೇ ಪ್ರಶ್ನೆ. ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೇ ಬರೆದಿಟ್ಟೆ. ನಿಯಮಗಳಿರುವ ಕಡೆ ನಿಯಮ ಹೇಳಿದ್ದೇನೆ. ಉಳಿದದ್ದು ನನ್ನ ಅಭಿಪ್ರಾಯ, ಒಪ್ಪದಿದ್ದರೂ ನಡೆಯುತ್ತದೆ.

ಎಲ್ಲಕ್ಕಿಂತ ಜಾಸ್ತಿ ಮರ್ಯಾದೆ ಇರುವ ವಿಷಯ ಯಾವುದು?

ಯಾರ ಹತ್ತಿರ ಮರ್ಯಾದೆ ಬೇಕು ನಿಮಗೆ? ಓಣಿಯಲ್ಲೋ, ಮುಂದಿನ ಕಾಲೇಜಿನ ಆಫೀಸಿನಲ್ಲೋ? ಎರಡೂ ಒಂದೇ ಅಲ್ಲ.

ಓಣಿಯ ಲೆಕ್ಕ ಎಲ್ಲರಿಗೂ ಗೊತ್ತು. ಮೊದಲು ಪಿಸಿಎಂಬಿ, ಅಂದರೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ. ಆಮೇಲೆ ಪಿಸಿಎಂಸಿ, ಅದರಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್. ಅದರ ಕೆಳಗೆ ಕಂಪ್ಯೂಟರ್ ಇರುವ ಕಾಮರ್ಸ್, ಅದಕ್ಕೂ ಕೆಳಗೆ ಹಿಸ್ಟರಿ ಇರುವ ಕಾಮರ್ಸ್. ಕೊನೆಗೆ ಆರ್ಟ್ಸ್. ಡಿಪ್ಲೊಮಾ, ಐಟಿಐ ಈ ಸಾಲಿನಲ್ಲೇ ಇಲ್ಲ, ಅವು ಬಾಗಿಲ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿವೆ.

ಆಫೀಸಿನ ಲೆಕ್ಕ ಬೇರೆ. ಅಲ್ಲಿ ನೋಡುವುದು ಒಂದೇ: ನೀವು ಓದಿದ ವಿಷಯ ಈ ಕೋರ್ಸಿಗೆ ನಡೆಯುತ್ತದೋ ಇಲ್ಲವೋ. ಆ ಲೆಕ್ಕದಲ್ಲಿ ಮೊದಲ ಜಾಗ ಒಂದು ಕಾಂಬಿನೇಷನ್‌ಗೆ ಸಿಗುವುದಿಲ್ಲ, ಒಂದು ವಿಷಯಕ್ಕೆ ಸಿಗುತ್ತದೆ. ಅದು ಗಣಿತ.

ಗಣಿತಕ್ಕೇ ಯಾಕೆ?

ಅದು ಇಲ್ಲ ಅಂದರೆ ಮುಚ್ಚುವ ಬಾಗಿಲು ಬಹಳ. ಬಿಇ ಸೀಟಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಕಡ್ಡಾಯ. ಆರ್ಕಿಟೆಕ್ಚರ್‌ಗೆ ಗಣಿತ ಬೇಕು. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ನೌಕಾಪಡೆಗೆ, ವಾಯುಪಡೆಗೆ ಹೋಗಬೇಕಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಭೂಸೇನೆಗೆ ಮಾತ್ರ ಯಾವ ವಿಭಾಗವಾದರೂ ಸೈ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಪದವಿಗಳಿಗೂ ಗಣಿತ ಬೇಕು. ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತು: ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಆನರ್ಸ್ ಪದವಿಗೆ ಸೇರಬೇಕಿದ್ದರೂ ಹನ್ನೆರಡನೇ ತರಗತಿಯಲ್ಲಿ ಗಣಿತ ಓದಿರಬೇಕು. ನಮ್ಮ ಕಡೆ ಅರ್ಥಶಾಸ್ತ್ರ ಅಂದರೆ "ಗಣಿತ ಬರಲ್ಲ ಅಂದವ್ರು ತಗೊಳ್ಳೋದು" ಅಂತ ಇದೆ. ಉಲ್ಟಾ.

ಹಾಗಂತ ಗಣಿತಕ್ಕೆ ಅಂಜುವ ಮಗುವನ್ನು ಹಿಡಿದು ಗಣಿತಕ್ಕೆ ಕಟ್ಟಿಹಾಕಿ ಅಂತ ನಾನು ಹೇಳುತ್ತಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ 50ರ ಒಳಗೆ ತೆಗೆದುಕೊಂಡು ಬಂದವರಿಗೆ ಫಸ್ಟ್ ಪಿಯು ಗಣಿತ ಎಷ್ಟು ಭಾರ ಅಂತ ಪಕ್ಕದ ಸ್ಟಾಫ್ ರೂಮಿನಲ್ಲಿ ದಿನಾ ಕೇಳುತ್ತೇನೆ.

ಹಂಗಾದ್ರ ಪಿಸಿಎಂಬಿ ತಗೊಂಡ್ರ ಎಲ್ಲಾ ಬಾಗಿಲೂ ತೆರದಿರ್ತಾವಲ್ಲ, ಸರ?

ತೆರೆದಿರುತ್ತವೆ, ನಿಜ. ಸೈನ್ಸ್ ಓದಿದವರು ಮುಂದೆ ಬಿಎಗೂ ಹೋಗಬಹುದು, ಬಿಕಾಂಗೂ ಹೋಗಬಹುದು. ಆರ್ಟ್ಸ್ ಓದಿದವರು ಬಿಎಸ್ಸಿ ಭೌತಶಾಸ್ತ್ರಕ್ಕೆ ಹೋಗಲಾಗುವುದಿಲ್ಲ. ಓಣಿಯ ಲೆಕ್ಕ ಹುಟ್ಟಿದ್ದೇ ಇಲ್ಲಿಂದ, ಅದರಲ್ಲಿ ಅರ್ಧ ಸತ್ಯ ಇದೆ.

ಇನ್ನರ್ಧ ನಾನು ಟೇಬಲ್ ಮೇಲೆ ನೋಡಿದ್ದು. ಜೇವರ್ಗಿ ಕಡೆಯ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಸಮಾಜ ವಿಜ್ಞಾನದಲ್ಲಿ 97, ಗಣಿತದಲ್ಲಿ 54. ಅರ್ಜಿಯ ಕಾಂಬಿನೇಷನ್ ಕಾಲಂನಲ್ಲಿ ಪೆನ್ಸಿಲ್‌ನಿಂದ ಎಚ್‌ಇಪಿಎಸ್ ಅಂತ ಬರೆದುಕೊಂಡು ಬಂದಿದ್ದಳು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಅಪ್ಪ ಅದನ್ನು ನೋಡಿ ನನ್ನ ಟೇಬಲ್ ಮೇಲಿನ ರಬ್ಬರ್ ತಗೊಂಡರು. ಕಾಗದ ಹರಿಯುವ ಹಾಗೆ ಉಜ್ಜಿ, "ಪಿಸಿಎಂಬಿ ಬರಕೊಳ್ರಿ ಸರ, ಪೆನ್ನಿಲೇ ಬರೀರಿ" ಅಂದರು. ನಾನು ಹೇಳುವಷ್ಟು ಹೇಳಿದೆ, ಅವರು ಕೇಳಲಿಲ್ಲ. ಆಗಸ್ಟ್‌ನಲ್ಲಿ ಅದೇ ಹುಡುಗಿ ಅವ್ವನನ್ನು ಕರ್ಕೊಂಡು ಬಂದು ಆರ್ಟ್ಸ್‌ಗೆ ಬದಲಾಯಿಸಿಕೊಂಡಳು. ಅಷ್ಟೊತ್ತಿಗೆ ಕೋಚಿಂಗ್‌ಗೆ ಕಟ್ಟಿದ ದುಡ್ಡು ಹೋಗಿಯೇ ಹೋಗಿತ್ತು.

ಬಾಗಿಲು ತೆರೆದಿದ್ದರೆ ಆಗಲಿಲ್ಲ, ಅಲ್ಲಿಯವರೆಗೆ ನಡೆಯುವ ಕಾಲಿಗೆ ಬಲ ಇರಬೇಕಲ್ವಾ?

ನೀಟ್ ಬರೆಯೋದಾದ್ರೆ ಪಿಯು ಅಂಕಕ್ಕೆ ಬೆಲೆ ಇಲ್ಲವಾ?

ನೀಟ್ ರ‍್ಯಾಂಕಿಗೆ ಪಿಯು ಅಂಕ ಸೇರಿಸುವುದಿಲ್ಲ. 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಜೀವಶಾಸ್ತ್ರದ್ದೇ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗದವರಿಗೆ 50%, ಮೀಸಲು ವರ್ಗದವರಿಗೆ 40% ಇದ್ದರೆ ಅರ್ಹತೆ ಸಿಕ್ಕಂತೆ.

ಎಂಜಿನಿಯರಿಂಗ್ ಸಿಇಟಿ ಹಾಗಲ್ಲ. ಅಲ್ಲಿ ಅರ್ಧ ಸಿಇಟಿ ಅಂಕ, ಇನ್ನರ್ಧ ದ್ವಿತೀಯ ಪಿಯುವಿನ ಭೌತ, ರಸಾಯನ, ಗಣಿತದ ಅಂಕ. ಇದು ಗೊತ್ತಿಲ್ಲದೆ ಕೆಲವರು ಎರಡು ವರ್ಷ ಬರೀ ಎಂಸಿಕ್ಯೂ ಗುರುತು ಹಾಕುತ್ತಾ ಕೂತು, ಬೋರ್ಡ್ ಪರೀಕ್ಷೆಯಲ್ಲಿ ಐದು ಅಂಕದ ಉತ್ತರ ಬರೆಯಲಾಗದೆ ಪೆನ್ನು ಕಚ್ಚುತ್ತಾರೆ. ಬೀದರ್ ಈಗ ನೀಟ್ ತಯಾರಿಗೆ ಹೆಸರಾದ ಊರು, ಹೊರ ರಾಜ್ಯದ ಮಕ್ಕಳೂ ಬಂದು ಹಾಸ್ಟೆಲ್‌ನಲ್ಲಿದ್ದು ಓದುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳೂ ಇವೆ. ಹಾಗಾಗಿ ಆಸೆ ಪಡುವುದು ತಪ್ಪಲ್ಲ. ಮನೆಯಲ್ಲಿ ಎರಡನೇ ಪ್ಲಾನ್ ಇಲ್ಲದೆ ಆಸೆ ಪಡುವುದು ತಪ್ಪು.

ಕಂಪ್ಯೂಟರ್ ಸೈನ್ಸ್ ಓದದೆ ಬಿಇ ಕಂಪ್ಯೂಟರ್‌ಗೆ ಹೋಗಬಹುದಾ?

ಹೋಗಬಹುದು. ಪಿಸಿಎಂಬಿಯಿಂದ ಹೋದವರು ಬೇಕಾದಷ್ಟು ಜನ ಇದ್ದಾರೆ.

ಆರ್ಟ್ಸ್ ಅಂದ್ರೆ ಯಾಕೆ ಮೂಗು ಮುರೀತಾರೆ?

ನಾನು ಆರ್ಟ್ಸ್ ಓದಿದವನು, ಹಾಗಾಗಿ ಇದಕ್ಕೆ ಸ್ವಲ್ಪ ಉದ್ದ ಉತ್ತರ.

ಎಸ್‌ಎಸ್‌ಎಲ್‌ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿತ್ತು. ಇತಿಹಾಸ ಇಷ್ಟ, ಆರ್ಟ್ಸ್ ತಗೊಂಡೆ. ಆ ಬೇಸಿಗೆ ಒಂದು ಲಗ್ನದ ಊಟದ ಸಾಲಿನಲ್ಲಿ ಕೂತಿದ್ದೆ. ಎದುರಿಗೆ ಕೂತ ದೂರದ ಸಂಬಂಧದ ಕಾಕಾ, "ಏನ್ ತಗೊಂಡಿಯೋ?" ಅಂದರು. ಹೇಳಿದೆ. "ಯಾಕ, ನಂಬರ್ ಬರ್ಲಿಲ್ಲೇನು?" ಅಂದರು. ಅಷ್ಟರಲ್ಲಿ ಹೋಳಿಗೆ ಬಡಿಸುವವನು ಬಂದ, ಕಾಕಾ ತುಪ್ಪ ಕೇಳುವುದರಲ್ಲಿ ಮುಳುಗಿದರು. ನನಗೆ ಆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಈಗ ನೆನೆಸಿಕೊಂಡರೆ ಆ ಹೋಳಿಗೆ ಬಿಟ್ಟಿದ್ದಕ್ಕೇ ಜಾಸ್ತಿ ಬೇಜಾರು.

ಕಾಕಾ ತಪ್ಪು ಮಾತಾಡಿದರೂ ಅವರು ನೋಡಿದ್ದು ತಪ್ಪಲ್ಲ. ಇಲ್ಲಿ ನಡೆಯುವುದು ಹೀಗೆ: ನಂಬರ್ ಬಂದವರನ್ನು ಸೈನ್ಸ್‌ಗೆ ಸೋಸಿ, ನಡುವಿನವರನ್ನು ಕಾಮರ್ಸ್‌ಗೆ ಹಾಕಿ, ಜರಡಿಯಲ್ಲಿ ಉಳಿದವರನ್ನು ಆರ್ಟ್ಸ್‌ಗೆ ಸುರಿಯುತ್ತೇವೆ. ಆಮೇಲೆ ಫಲಿತಾಂಶ ಬಂದಾಗ ಆರ್ಟ್ಸ್ ಕೆಳಗೆ ನೋಡಿ ಅಂತ ನಾವೇ ಬೊಟ್ಟು ಮಾಡುತ್ತೇವೆ. ಹಳ್ಳಿ ಕಡೆಯ ಎಷ್ಟೋ ಕಾಲೇಜಿನಲ್ಲಿ ಆರ್ಟ್ಸ್ ಬಿಟ್ಟರೆ ಬೇರೆ ವಿಭಾಗವೇ ಇರುವುದಿಲ್ಲ. ಅಲ್ಲಿ ಓದುವವರಿಗೆ ಅದು ಆಯ್ಕೆಯೇ ಅಲ್ಲ. ವಿಷಯ ಹಗುರ ಅಂತ ಅಲ್ಲ ಇದು, ಅದಕ್ಕೆ ಮಕ್ಕಳನ್ನು ಕಳಿಸುವ ರೀತಿಯೇ ಹಗುರ.

ವಿಷಯ ಹಗುರವೋ ಅಲ್ಲವೋ ನೋಡಬೇಕಂದರೆ ಚಿತ್ತಾಪುರ ತಾಲೂಕಿನ ಸನ್ನತಿಗೆ ಬನ್ನಿ. ಭೀಮಾ ನದಿ ದಂಡೆ. ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಬೌದ್ಧ ಸ್ತೂಪ ಸಿಕ್ಕಿತು. ಅದರ ಒಂದು ಕಲ್ಲಿನಲ್ಲಿ ರಾಜ, ರಾಣಿ, ಅವರ ಪರಿವಾರ, ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅಶೋಕ ರಾಜನೆಂದು ಹೆಸರು. ನಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರ್ಕೊಂಡು ಹೋಗಿದ್ದೆ. ಒಬ್ಬ ಹುಡುಗ ಕೇಳಿದ: "ಸರ, ಹೆಸರು ಬರದಿದ್ದಕ್ಕ ಅಶೋಕ ಅಂತ ನಂಬಬೇಕಂದ್ರ, ಕೆತ್ತಿದವ್ರು ಅವನ್ನ ನೋಡಿದ್ರಾ?" ಕೆತ್ತನೆ ಅಶೋಕನ ಕಾಲದ್ದಲ್ಲ, ಆಮೇಲಿನದು. ಹಾಗಾದರೆ ಆ ಮುಖ ಯಾರದು? ಒಂದು ತಾಸು ಅದರ ಮೇಲೇ ಮಾತಾಯಿತು. ಆಧಾರ ಯಾವುದು, ಊಹೆ ಯಾವುದು ಅಂತ ಬೇರೆ ಮಾಡುವ ಕೆಲಸ ಅದು. ಸುಲಭ ಅಲ್ಲ. ಪರೀಕ್ಷೆಯಲ್ಲಿ ಮಾತ್ರ ಅದನ್ನು ಯಾರೂ ಕೇಳುವುದಿಲ್ಲ, ಇಸವಿ ಕೇಳುತ್ತಾರೆ. ಇತಿಹಾಸದ ಮರ್ಯಾದೆ ಕಳೆದದ್ದರಲ್ಲಿ ಪ್ರಶ್ನೆಪತ್ರಿಕೆಯ ಪಾಲೂ ಇದೆ.

ಐಎಎಸ್, ಕೆಎಎಸ್‌ಗೆ ಆರ್ಟ್ಸ್ ಒಳ್ಳೇದು ಅಂತಾರೆ, ನಿಜಾನಾ?

ಯಾವುದೇ ಪದವಿ ಇದ್ದರೆ ಬರೆಯಬಹುದು, ಪಿಯುಸಿಯಲ್ಲಿ ಏನು ಓದಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ಇತಿಹಾಸ, ಸಂವಿಧಾನ, ಭೂಗೋಳ, ಅರ್ಥಶಾಸ್ತ್ರ ಪಠ್ಯದಲ್ಲಿರುವುದರಿಂದ ಆರ್ಟ್ಸ್ ಓದಿದವರಿಗೆ ಆರಂಭ ಸ್ವಲ್ಪ ಸಲೀಸು. ಆದರೆ ಪ್ರಿಲಿಮ್ಸ್‌ನಲ್ಲಿ ಲೆಕ್ಕ, ತರ್ಕದ ಪ್ರಶ್ನೆಗಳೂ ಬರುತ್ತವೆ. "ಆರ್ಟ್ಸ್ ತಗೊಂಡಾನ, ಐಎಎಸ್ ಮಾಡಸ್ತೀವಿ" ಅನ್ನುವ ಮಾತು ಬಹಳ ಸಲ ಲಗ್ನದ ಮನೆ ಕಾಕಾಗಳ ಬಾಯಿ ಮುಚ್ಚಿಸಲು ಹೇಳುವ ಮಾತು. ಐದು ವರ್ಷದ ಕಾನೂನು ಪದವಿಯ ಬಗ್ಗೆ ಯಾಕೋ ಯಾರೂ ಕೇಳುವುದಿಲ್ಲ. ಅದಕ್ಕೂ ಯಾವ ವಿಭಾಗವಾದರೂ ನಡೆಯುತ್ತದೆ. ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್ ಬರೆಯಲಿಕ್ಕೂ ಅಷ್ಟೇ.

ಅರ್ಥಶಾಸ್ತ್ರ ಆರ್ಟ್ಸಾ, ಕಾಮರ್ಸಾ?

ಎರಡರಲ್ಲೂ ಇದೆ. ಅದಕ್ಕೇ ಎರಡು ಕಡೆಯೂ ಅದು ಮನೆ ಮಗಳಲ್ಲ, ನೆಂಟಳು. ಕಾಮರ್ಸ್‌ನವರಿಗೆ ಅಕೌಂಟೆನ್ಸಿ ಮುಖ್ಯ, ಆರ್ಟ್ಸ್‌ನವರಿಗೆ ಇತಿಹಾಸ ಮುಖ್ಯ.

ನನ್ನ ವಿಷಯವನ್ನು ನಾನೇ ಹೊಗಳಿಕೊಳ್ಳಬಾರದು. ಆದರೂ ಒಂದು ಹೇಳುತ್ತೇನೆ. ಬೇಡಿಕೆ, ಪೂರೈಕೆ ಪಾಠ ಮಾಡುವಾಗ ಪುಸ್ತಕದ ಉದಾಹರಣೆ ಬಿಟ್ಟು ತೊಗರಿ ತಗೊಳ್ಳುತ್ತೇನೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ (ಈ ಊರಿನದೇ ಅನ್ನುವ ಭೌಗೋಳಿಕ ಗುರುತು) ಸಿಕ್ಕಿದ್ದು ಮಕ್ಕಳಿಗೆಲ್ಲ ಗೊತ್ತು. "ಹಾಗಾದ್ರೆ ರಾಶಿ ಆದ ತಕ್ಷಣ ರೇಟ್ ಯಾಕೆ ಬೀಳ್ತದೆ?" ಅಂತ ಕೇಳಿದರೆ ಹಿಂದಿನ ಬೆಂಚು ಎದ್ದು ನಿಲ್ಲುತ್ತದೆ. ಅಫಜಲಪುರ ಕಡೆಯ ಒಬ್ಬ ಹುಡುಗ ಬೋರ್ಡಿಗೆ ಬಂದು ಪೂರೈಕೆ ರೇಖೆಯನ್ನು ಬಲಕ್ಕೆ ಸರಿಸಿ, "ಎಲ್ಲಾರೂ ಒಂದೇ ವಾರ ಎಪಿಎಂಸಿಗಿ ತಂದು ಹಾಕ್ತಾರ್ರಿ ಸರ. ನಮ್ಮಪ್ಪಗ ಸಾಲದವರು ನಿಂತಿರ್ತಾರ, ಇಡಲಿಕ್ಕ ಆಗಲ್ಲ" ಅಂದ. ಬೆಂಬಲ ಬೆಲೆಗೂ ಮಾರುಕಟ್ಟೆ ಬೆಲೆಗೂ ಇರುವ ವ್ಯತ್ಯಾಸ ಅವನಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಅವನಿಗೆ ಬೇಕಿದ್ದದ್ದು ಗಣಿತ. ಅದು ಅವನ ಕಾಂಬಿನೇಷನ್‌ನಲ್ಲಿ ಇರಲಿಲ್ಲ. ಮುಂದೆ ಅರ್ಥಶಾಸ್ತ್ರದಲ್ಲೇ ದೂರ ಹೋಗುವ ಮನಸ್ಸಿದ್ದರೆ ಗಣಿತವೋ ಸ್ಟ್ಯಾಟಿಸ್ಟಿಕ್ಸೋ ಇರುವ ಕಾಂಬಿನೇಷನ್ ಹುಡುಕಿ. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಪಕ್ಕದ ಕಾಲೇಜಿನಲ್ಲಿ ವಿಚಾರಿಸಿ.

ಕಾಮರ್ಸ್‌ನಲ್ಲಿ ಯಾವ ಕಾಂಬಿನೇಷನ್‌ಗೆ ಬೆಲೆ?

ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್, ಅರ್ಥಶಾಸ್ತ್ರ ಹೆಚ್ಚುಕಮ್ಮಿ ಎಲ್ಲದರಲ್ಲೂ ಇರುತ್ತವೆ. ನಾಲ್ಕನೆಯದರ ಮೇಲೆ ಜಗಳ. ಇತಿಹಾಸ ಇದ್ದರೆ ಎಚ್‌ಇಬಿಎ, ಕಂಪ್ಯೂಟರ್ ಇದ್ದರೆ ಸಿಇಬಿಎ, ಸ್ಟ್ಯಾಟಿಸ್ಟಿಕ್ಸ್ ಇದ್ದರೆ ಎಸ್‌ಇಬಿಎ. ಜನ ಕಂಪ್ಯೂಟರ್‌ಗೆ ಮುಗಿಬೀಳುತ್ತಾರೆ. ನನ್ನನ್ನು ಕೇಳಿದರೆ ಸ್ಟ್ಯಾಟಿಸ್ಟಿಕ್ಸ್ ಅಥವಾ ಬೇಸಿಕ್ ಮ್ಯಾಥ್ಸ್ ಹೆಚ್ಚು ದೂರ ಒಯ್ಯುತ್ತದೆ.

ಸಿಎ ಮಾಡಬೇಕಾದರೆ ಕಾಮರ್ಸೇ ಆಗಬೇಕು ಅಂತ ಇಲ್ಲ. ಸಿಎ ಫೌಂಡೇಶನ್‌ನಲ್ಲಿ ನಾಲ್ಕು ಪತ್ರಿಕೆ: ಅಕೌಂಟಿಂಗ್, ಬಿಸಿನೆಸ್ ಕಾನೂನು, ಲೆಕ್ಕ ಮತ್ತು ಸ್ಟ್ಯಾಟಿಸ್ಟಿಕ್ಸ್, ಬಿಸಿನೆಸ್ ಅರ್ಥಶಾಸ್ತ್ರ. ಸೈನ್ಸ್ ಓದಿದವರೂ ಬರೆಯುತ್ತಾರೆ. ಮೂರನೆಯ ಪತ್ರಿಕೆಯಲ್ಲಿ ಎಚ್‌ಇಬಿಎ ಮಕ್ಕಳು ಒದ್ದಾಡುವಾಗ ಅವರು ಆರಾಮಾಗಿರುತ್ತಾರೆ.

ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆ ಸಂಸ್ಕೃತ ತಗೊಂಡರೆ ಲಾಭವಾ?

ಪ್ರಥಮ ಭಾಷೆಗೆ 125 ಅಂಕ, ಉಳಿದ ವಿಷಯಕ್ಕೆ ನೂರರ ಲೆಕ್ಕ. ಸಂಸ್ಕೃತದಲ್ಲಿ 125ಕ್ಕೆ 125 ತೆಗೆಯುವುದು ಕನ್ನಡಕ್ಕಿಂತ ಸುಲಭ ಅಂತ ಟ್ಯೂಷನ್ ಮಾಸ್ತರರೆಲ್ಲ ಹೇಳುತ್ತಾರೆ. ಅಂಕ ಬರುವುದು ಖರೇ. ಒಳ್ಳೆಯ ಪಿಯು ಕಾಲೇಜಿನ ಕಟ್ ಆಫ್‌ನಲ್ಲಿ ಐದಾರು ಅಂಕವೂ ದೊಡ್ಡದೇ.

ಆದರೆ ಅದು ಸಂಸ್ಕೃತಕ್ಕೆ ಸಿಕ್ಕ ಮರ್ಯಾದೆ ಅಲ್ಲ, ಅಂಕಕ್ಕೆ ಸಿಕ್ಕ ಮರ್ಯಾದೆ. ಪಿಯು ಮುಗಿದ ಮೇಲೆ ಒಂದು ಶ್ಲೋಕದ ಅರ್ಥ ಹೇಳು ಅಂದರೆ ಬಹಳ ಮಕ್ಕಳು ನಗುತ್ತಾರೆ. ಇತ್ತ ಕನ್ನಡವೂ ಕೈಬಿಟ್ಟಿರುತ್ತದೆ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಕನ್ನಡದ ಕಡ್ಡಾಯ ಪತ್ರಿಕೆ ಇದೆ ಅನ್ನುವುದು ಆಗ ನೆನಪಾಗುತ್ತದೆ. ಇಷ್ಟಪಟ್ಟು ಸಂಸ್ಕೃತ ಓದುವವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಉರ್ದು, ಮರಾಠಿ ಮಾಧ್ಯಮದ ಅಂಕಪಟ್ಟಿಗೆ ಬೆಲೆ ಕಡಿಮೆನಾ?

ಬೋರ್ಡ್ ಒಂದೇ, ಅಂಕಪಟ್ಟಿ ಒಂದೇ. ಕಲಬುರಗಿ, ಬೀದರ್ ಪೇಟೆಯ ಉರ್ದು ಶಾಲೆಗಳಿಂದಲೂ, ಔರಾದ್, ಭಾಲ್ಕಿ, ಬಸವಕಲ್ಯಾಣದ ಮರಾಠಿ ಶಾಲೆಗಳಿಂದಲೂ ನಮ್ಮ ಕಡೆಯ ಕಾಲೇಜುಗಳಿಗೆ ಮಕ್ಕಳು ಬರುತ್ತಾರೆ. ತೊಂದರೆ ಶುರುವಾಗುವುದು ಫಸ್ಟ್ ಪಿಯುನಲ್ಲಿ. ಸೈನ್ಸ್ ಪಾಠ ಒಮ್ಮೆಲೇ ಇಂಗ್ಲಿಷ್‌ಗೆ ತಿರುಗುತ್ತದೆ. ಕನ್ನಡ ಮಾಧ್ಯಮದವರ ಪಾಡೂ ಅದೇ. ಮೊದಲ ಮೂರು ತಿಂಗಳು ತಡೆದುಕೊಂಡರೆ ಬಹಳ ಜನ ದಡ ಸೇರುತ್ತಾರೆ.

ಎರಡು ಮಾಹಿತಿ ಇಟ್ಟುಕೊಳ್ಳಿ. ನೀಟ್ ಪ್ರಶ್ನೆಪತ್ರಿಕೆ 13 ಭಾಷೆಗಳಲ್ಲಿ ಇರುತ್ತದೆ, ಕನ್ನಡ, ಉರ್ದು, ಮರಾಠಿ ಮೂರೂ ಅದರಲ್ಲಿವೆ. ಇನ್ನೊಂದು, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ 5%, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ 15% ಮೀಸಲು. ಓಣಿಯಲ್ಲಿ ಕಡೆಗಣಿಸಿದ ಸರ್ಕಾರಿ ಶಾಲೆಯ ಸರ್ಟಿಫಿಕೇಟು ಇಲ್ಲಿ ಕೆಲಸಕ್ಕೆ ಬರುತ್ತದೆ. ಹತ್ತೂ ವರ್ಷದ ದಾಖಲೆ ಬೇಕು. ಶಾಲೆ ಮುಚ್ಚಿಹೋಗುವ ಮೊದಲು ಬರೆಸಿಕೊಳ್ಳಿ.

ಐಚ್ಛಿಕ ಕನ್ನಡ ತಗೊಂಡ್ರೆ ಏನು ಉಪಯೋಗ?

ಕನ್ನಡ ಮೇಷ್ಟ್ರು, ಲೆಕ್ಚರರ್ ಆಗುವ ದಾರಿ ನೇರ ಇದೆ: ಬಿಎ, ಬಿಇಡಿ, ಎಂಎ, ನೆಟ್. ಯುಪಿಎಸ್‌ಸಿಯಲ್ಲಿ ಕನ್ನಡ ಸಾಹಿತ್ಯ ಐಚ್ಛಿಕ ವಿಷಯವಾಗಿ ಇದೆ. ಓಣಿಯಲ್ಲಿ ಮರ್ಯಾದೆ ಇಲ್ಲ, ಅದು ಗೊತ್ತಿದ್ದೇ ತಗೊಳ್ಳಿ. ನನ್ನ ತರಗತಿಗಳಲ್ಲಿ ಉತ್ತರವನ್ನು ಓದುವ ಹಾಗೆ ಬರೆಯುವವರು ಮಾತ್ರ ಬಹುತೇಕ ಐಚ್ಛಿಕ ಕನ್ನಡದವರೇ.

ಕೃಷಿ ಓದಲಿಕ್ಕೆ ಯಾವ ವಿಷಯ ಬೇಕು?

ಬಿಎಸ್ಸಿ ಕೃಷಿಗೆ ಪಿಸಿಎಂಬಿ ಇದ್ದರೆ ಚಿಂತೆ ಇಲ್ಲ. ಕಲಬುರಗಿಯಲ್ಲೂ ಶಹಾಪುರ ತಾಲೂಕಿನ ಭೀಮರಾಯನಗುಡಿಯಲ್ಲೂ ಕೃಷಿ ಕಾಲೇಜು ಇವೆ, ಎರಡೂ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದವು. ಪಶುವೈದ್ಯ ವಿಶ್ವವಿದ್ಯಾಲಯ ಬೀದರ್‌ನಲ್ಲೇ ಇದೆ.

ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ಪೇಟೆಯಲ್ಲಿ ಓದಿ ಬೆಳೆದ ನಮ್ಮ ಹುಡುಗನೊಬ್ಬ ಈ ಪರೀಕ್ಷೆಗೆ ಹದಿನೈದು ದಿನ ಇದ್ದಾಗ ಊರಿಗೆ ಹೋಗಿ ಅಜ್ಜನ ಹತ್ತಿರ ಕೂತು ಕಲಿತ. ಕುಸುಬೆ ಯಾವುದು, ಅಗಸಿ ಯಾವುದು, ಕುಂಟೆಗೂ ಕೂರಿಗೆಗೂ ಏನು ಫರಕು. ಅಜ್ಜ ದಿನಾ ಬೈಯುತ್ತಿದ್ದನಂತೆ: "ಹನ್ನೆರಡನೇತ್ತ ಓದ್ಯಾನ, ಕೂರಗಿ ಗೊತ್ತಿಲ್ಲ."

ಡಿಪ್ಲೊಮಾ, ಐಟಿಐಗೆ ಹೋದರೆ ಓದು ಅಲ್ಲಿಗೇ ಮುಗೀತಾ?

ಇಲ್ಲ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೇ ಸೇರಬಹುದು. ವರ್ಕ್‌ಶಾಪಿನಲ್ಲಿ ಕೈ ಕೊಳೆ ಮಾಡಿಕೊಂಡು ಬಂದವರು ಬಿಇ ಲ್ಯಾಬಿನಲ್ಲಿ ಬೇಗ ಹೊಂದಿಕೊಳ್ಳುತ್ತಾರೆ ಅಂತ ಎಂಜಿನಿಯರಿಂಗ್ ಕಾಲೇಜಿನಲ್ಲಿರುವ ಗೆಳೆಯರು ಹೇಳುತ್ತಾರೆ. ಗಣಿತದಲ್ಲಿ ಮಾತ್ರ ಮೊದಲ ಸೆಮಿಸ್ಟರ್ ಕಷ್ಟ. ಮತ್ತೆ ಗಣಿತ, ನೋಡಿ.

ನಮ್ಮ ಜಿಲ್ಲೆ ಯಾವಾಗ್ಲೂ ಕೊನೆಗೆ ಬರ್ತದೆ. ನಮ್ಮ ಮಕ್ಕಳ ಅಂಕಕ್ಕೆ ಹೊರಗಡೆ ಬೆಲೆ ಇದೆಯಾ?

2024ರ ಎಸ್‌ಎಸ್‌ಎಲ್‌ಸಿಯಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಆ ವರ್ಷ ದಕ್ಷಿಣ ಕನ್ನಡದಲ್ಲಿ 91% ಪಾಸಾದರೆ ನಮ್ಮಲ್ಲಿ 42%. ಪೇಪರ್ ತೆರೆದರೆ ಮುಖ ಮುಚ್ಚಿಕೊಳ್ಳುವ ಹಾಗಿತ್ತು.

ಆದರೆ ಅಂಕಪಟ್ಟಿಯ ಮೇಲೆ ಜಿಲ್ಲೆಯ ಸ್ಥಾನ ಅಚ್ಚಾಗಿರುವುದಿಲ್ಲ. ಕಲಬುರಗಿಯ 580 ಮಂಗಳೂರಿನ 580ಕ್ಕೆ ಸಮ. ಇನ್ನೂ ಒಂದು ವಿಷಯ. 2024ರಿಂದ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದಲ್ಲಿ ನೇರ ನಿಗಾ, ಬಂತು. ಆ ವರ್ಷ ಇಡೀ ರಾಜ್ಯದ ಫಲಿತಾಂಶವೇ ಸುಮಾರು 84%ರಿಂದ 73%ಕ್ಕೆ ಇಳಿಯಿತು. ಮೊದಲು ಕಿಟಕಿಯಿಂದ ಚೀಟಿ ಬರುತ್ತಿದ್ದ ಕಾಲದ ನಮ್ಮ ಅಂಕದ ಮೇಲೆ ಹೊರಗಿನವರಿಗೆ ಅನುಮಾನ ಇದ್ದದ್ದು ಸುಳ್ಳಲ್ಲ. ಈಗ ಕ್ಯಾಮೆರಾ ಕೆಳಗೆ ಬರೆದು 85 ತಂದ ಹುಡುಗಿಯ 85ರ ಮೇಲೆ ಯಾರೂ ಬೆರಳು ತೋರಿಸಲಾರರು. ಕೊನೆಯ ಸ್ಥಾನದ ಸಂಕಟ ಇದ್ದೇ ಇದೆ. ಆದರೂ ಆ ಹುಡುಗಿಯ ಪಾಲಿಗೆ ಇದು ಒಳ್ಳೆಯದೇ ಆಯಿತು ಅಂತ ನನಗನಿಸುತ್ತದೆ.

371ಜೆ ಸೀಟಿನಲ್ಲಿ ಸೇರಿದರೆ ಮರ್ಯಾದೆ ಕಡಿಮೆನಾ?

ಪದವಿ ಸರ್ಟಿಫಿಕೇಟಿನಲ್ಲಿ ಕೋಟಾ ಬರೆಯುವುದಿಲ್ಲ. 371ಜೆ ಅಂದರೆ ಕಲ್ಯಾಣ ಕರ್ನಾಟಕದವರಿಗೆ ವಿಶೇಷ ಮೀಸಲು ಕೊಡುವ ಸಂವಿಧಾನದ ವಿಧಿ, 98ನೇ ತಿದ್ದುಪಡಿಯಿಂದ ಬಂದ ಹಕ್ಕು ಅದು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನಮ್ಮವರಿಗೆ 70%, ರಾಜ್ಯದ ಉಳಿದ ಕಡೆ 8% ಸೀಟು. ಓದಿದ ವಿಷಯಕ್ಕೂ ಇದಕ್ಕೂ ಸಂಬಂಧವಿಲ್ಲ. ಸರ್ಟಿಫಿಕೇಟ್ ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಫಲಿತಾಂಶ ಬಂದ ಮೇಲೆ ಎಲ್ಲರೂ ಒಂದೇ ಸಲ ಸಾಲು ಹಚ್ಚುತ್ತಾರೆ, ಅದಕ್ಕೆ ಸೆಕೆಂಡ್ ಪಿಯು ಶುರುವಾದಾಗಲೇ ಮಾಡಿಸಿಡಿ.

ಪರೀಕ್ಷೆ 2ರಲ್ಲಿ ಪಾಸಾದರೆ "ಸಪ್ಲಿಮೆಂಟರಿ" ಅಂತ ಅನ್ನಿಸಿಕೊಳ್ಳಬೇಕಾ?

2023-24ರಲ್ಲಿ ಪರೀಕ್ಷೆ 1, 2, 3 ಅಂತ ಮೂರು ಶುರುವಾದವು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದದ್ದು ಉಳಿಯುತ್ತದೆ. ಅನ್ನುವವರು ಅನ್ನಲಿ.

ಸಿಬಿಎಸ್‌ಇ ಹನ್ನೆರಡಕ್ಕೆ ಪಿಯುಸಿಗಿಂತ ಜಾಸ್ತಿ ತೂಕ ಅಂತಾರಲ್ಲ?

ಪಿಯು ಸೈನ್ಸ್ ಪಠ್ಯವೂ ಎನ್‌ಸಿಇಆರ್‌ಟಿಯದೇ. ತೂಕ ಪುಸ್ತಕದ್ದಲ್ಲ, ಫೀಸಿನದ್ದು.

ಹೆಣ್ಣುಮಕ್ಕಳಿಗೆ ಆರ್ಟ್ಸ್ ಸಾಕು ಅಂತ ಮನೆಯಲ್ಲಿ ಹೇಳ್ತಾರೆ. ಏನು ಮಾಡೋದು?

ಇದನ್ನು ಹುಡುಗಿಯರೇ ಕೇಳುತ್ತಾರೆ, ಅಪ್ಪ ಝೆರಾಕ್ಸ್ ತರಲು ಹೊರಗೆ ಹೋದಾಗ. ಬಹಳ ಸಲ ಮನೆಯವರ ಅಡ್ಡಿ ವಿಷಯಕ್ಕಲ್ಲ, ದೂರಕ್ಕೆ. ಸೈನ್ಸ್ ಇರುವ ಕಾಲೇಜು ಪೇಟೆಯಲ್ಲಿ, ಮನೆ ಹಳ್ಳಿಯಲ್ಲಿ. ಹಾಗಿದ್ದರೆ ಮಾತು ಅಲ್ಲಿಂದಲೇ ಶುರು ಮಾಡಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ನಿಮ್ಮೂರಿಂದ ಬೆಳಿಗ್ಗೆ ಎಷ್ಟಕ್ಕೆ ಬಸ್ಸು, ಸಂಜೆ ಎಷ್ಟಕ್ಕೆ ವಾಪಸ್, ಜೊತೆಗೆ ಯಾರು ಬರುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅಪ್ಪನ ಮುಂದೆ ಇಡಿ. "ಸೈನ್ಸ್ ಬೇಕು" ಅನ್ನುವುದಕ್ಕಿಂತ "ಆರೂವರೆ ಬಸ್ಸಿಗಿ ಹೋಗ್ತೀನಿ, ಐದೂವರೆಕ್ಕ ಮನ್ಯಾಗ ಇರ್ತೀನಿ" ಅನ್ನುವ ಮಾತು ಬೇಗ ನಾಟುತ್ತದೆ. ಹಾಸ್ಟೆಲ್ ಅರ್ಜಿಯನ್ನೂ ಅದೇ ವಾರ ಹಾಕಿಬಿಡಿ.

ಅಡ್ಮಿಷನ್‌ಗೆ ಬರುವಾಗ ಏನೇನು ತರಬೇಕು?

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಟಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಫೋಟೊ. ಎಲ್ಲದರ ಝೆರಾಕ್ಸ್ ಎರಡೆರಡು ಸೆಟ್. ಓದುವ ಮಗುವನ್ನೂ ಕರ್ಕೊಂಡು ಬನ್ನಿ, ಕಾಂಬಿನೇಷನ್ ಕಾಲಂ ಅವರ ಕೈಯಲ್ಲೇ ತುಂಬಿಸುತ್ತೇನೆ. ಟೇಬಲ್ ಮೇಲೆ ಈಗ ರಬ್ಬರ್ ಇಡುವುದಿಲ್ಲ. ಹತ್ತು ಗಂಟೆಯೊಳಗೆ ಬಂದರೆ ನಿಮಗೂ ಬಿಸಿಲು ತಪ್ಪುತ್ತದೆ, ನನಗೂ ಸಾಲು ಕಡಿಮೆ.